ಮಲ್ಕಮ್ಮಕ್ಕ ನೋಡಿದ ಮನೆಗಳು

ಮನೆ ನೋಡಲು ಬರುವವರಲ್ಲಿ ಅರ್ಧ ಮಂದಿ ಕೊಳ್ಳುವುದಕ್ಕೆ ಬರುವುದಿಲ್ಲ. ಹದಿನಾರು ವರ್ಷ ಆಳಂದದಲ್ಲಿ ಮನೆ ದಲಾಲಿ ಮಾಡಿ ನಾನು ಕಲಿತದ್ದು ಇಷ್ಟೇ. ಒಬ್ಬರಿಗೆ ಬಾಗಿಲು ದಕ್ಷಿಣಕ್ಕಿದೆ ಎಂಬ ತಕರಾರು. ಇನ್ನೊಬ್ಬರಿಗೆ ಓಣಿಯಲ್ಲಿ ಕಾರು ತಿರುಗುವುದಿಲ್ಲ ಎಂಬ ಚಿಂತೆ, ಕಾರು ಮಾತ್ರ ಇರುವುದಿಲ್ಲ. ಗೋಡೆ ತಟ್ಟುತ್ತಾರೆ, ನಲ್ಲಿ ತಿರುವುತ್ತಾರೆ, ಮನೆಯವರು ಕೊಟ್ಟ ಚಹಾ ಕುಡಿಯುತ್ತಾರೆ, "ಮನಿಯಾಗ ಕೇಳಿ ಹೇಳ್ತೇವ್ರಿ" ಎಂದು ಹೋದವರು ಆಮೇಲೆ ಫೋನೇ ಎತ್ತುವುದಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೆ: ಒಬ್ಬ ಗಿರಾಕಿಗೆ ಮೂರೇ ಮನೆ. ಮೂರರಲ್ಲಿ ಒಂದೂ ಹಿಡಿಸದಿದ್ದರೆ ಕೈ ಮುಗಿದು ಕಳಿಸಿಬಿಡುವುದು.

ಮಲ್ಕಮ್ಮಕ್ಕನಿಗೆ ಮಾತ್ರ ಇಪ್ಪತ್ತಾರು ಮನೆ ತೋರಿಸಿದೆ. ಇದು ನನ್ನ ಒಳ್ಳೆಯತನವೆಂದು ಯಾರೂ ತಿಳಿಯಬಾರದು. ಮೇ ತಿಂಗಳ ಕೊನೆಗೆ ಆಕೆ ಇರುವ ಜಾಗ ಬಿಡಲೇಬೇಕಿತ್ತು. ಇವತ್ತಲ್ಲ ನಾಳೆ ಒಂದು ಮನೆ ಕೊಂಡೇ ಕೊಳ್ಳುತ್ತಾಳೆ, ನನ್ನ ದಲಾಲಿ ಎಲ್ಲೂ ಹೋಗುವುದಿಲ್ಲ ಎಂಬ ಧೈರ್ಯ ನನಗೆ.

ಆಕೆ ಆಳಂದದ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದ, ಮಕ್ಕಳಾಗಿರಲಿಲ್ಲ. ತವರಿನಲ್ಲಿ ಅಣ್ಣಂದಿರು ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಮೂವತ್ತೊಂದು ವರ್ಷ ಹಾಸ್ಟೆಲಿನ ಉಗ್ರಾಣದ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ನೂರು ಹುಡುಗಿಯರಿಗೆ ರೊಟ್ಟಿ ಬೇಳೆ ಮಾಡಿ ಹಾಕಿದ್ದಾಳೆ. ಹುಡುಗಿಯರು ಆಕೆಯನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ. ಈಗ ಅರವತ್ತು ತುಂಬುತ್ತಿತ್ತು. ಹೊಸ ಅಡುಗೆಯವಳು ಬಂದರೆ ಆ ಕೋಣೆ ಅವಳದು.

ಡಿಸೆಂಬರಿನಲ್ಲಿ ಒಂದು ದಿನ ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಅಂಗಡಿಗೆ ಬಂದು ಕುಂತಳು. ಎತ್ತರದ ಹೆಂಗಸು, ಕೈಗಳ ತುಂಬ ಸುಟ್ಟ ಗೆರೆಗಳು.

"ಒಂದು ಕೋಲಿ, ಒಂದು ಅಡಗಿಮನಿ ಸಾಕು ತಮ್ಮಾ. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿದ್ರೂ ನಡೀತದ. ಮಾದನಹಿಪ್ಪರಗಾ ಒಂದು ಬ್ಯಾಡ."

"ಯಾಕಕ್ಕಾ? ಅಲ್ಲಿ ಮನಿ ಸಸ್ತಾ ಸಿಗ್ತಾವ."

"ಅಲ್ಲಿ ನನ್ನ ತವರಿನೋರು ಅದಾರ," ಅಂದಳು.

ಮೊದಲ ಮನೆ ಆಳಂದದಲ್ಲೇ ಇತ್ತು. ಬಟ್ಟೆ ಹೊಲಿಯುವ ಮಧುಮತಿ ಎಂಬ ಹೆಂಗಸಿನದು. ನಾನು ರೂಢಿಯಂತೆ ಗೋಡೆ, ಮಾಳಿಗೆ, ಕಾಗದಪತ್ರ ಎಂದು ಶುರು ಮಾಡಿದೆ. ಅಕ್ಕ ಗೋಡೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಅದರಲ್ಲಿ ತೊಗರಿಬೇಳೆ.

"ಯವ್ವಾ, ನಿಮ್ಮ ಬೋರಿನ ನೀರಿನ್ಯಾಗ ಒಂದು ಹಿಡಿ ಬ್ಯಾಳಿ ಇಟ್ಟು ನೋಡ್ಲೇನು? ನೀರು ಗಡಸಿದ್ರ ಬ್ಯಾಳಿ ಕುದಿಯಂಗಿಲ್ಲ. ಬ್ಯಾಳಿ ಕುದಿಲಾರದ ಮನಿ ತಗೊಂಡು ಏನು ಮಾಡ್ಲಿ?"

ನಮ್ಮ ಕಡೆ ಇದಕ್ಕೆ ಯಾರೂ ನಗುವುದಿಲ್ಲ. ಒಂದೊಂದು ಓಣಿಯ ನೀರು ಒಂದೊಂದು ರೀತಿ, ಸವಳು ನೀರಿನಲ್ಲಿ ಎರಡು ತಾಸು ಕುದಿಸಿದರೂ ಬೇಳೆ ಕಾಳಿನಂತೆಯೇ ಉಳಿಯುತ್ತದೆ. ಮಧುಮತಿ ಸಂತೋಷದಿಂದಲೇ ಪಾತೇಲಿ ಕೊಟ್ಟಳು. ಕುಕ್ಕರ್ ತೆಗೆಯಲು ಹೋದರೆ ಅಕ್ಕ ಕೈ ಅಡ್ಡ ಹಿಡಿದಳು. "ಕುಕ್ಕರಿನ್ಯಾಗ ಕಲ್ಲು ಸುದ್ದಾ ಕುದಿತದ. ಪಾತೇಲ್ಯಾಗ ಆಗ್ಬೇಕು." ಅಲ್ಲಿಗೆ ಮುಕ್ಕಾಲು ತಾಸು ಮುಗಿಯಿತು. ಅಕ್ಕ ಆಕೆಯ ಪಕ್ಕದಲ್ಲಿ ಕುಂತು ಪುಂಡಿಪಲ್ಲೆ ಸೋಸಿ ಕೊಟ್ಟಳು. ಮಗಳಿಗೆ ಗಂಡು ನೋಡುತ್ತಿರುವ ಸಂಗತಿ ಕೇಳಿದಳು, ಸೊಂಟನೋವಿಗೆ ಔಷಧ ಹೇಳಿದಳು, ರವಿಕೆಯ ತೋಳಿನ ಅಳತೆ ತಪ್ಪಿದ್ದನ್ನೂ ತೋರಿಸಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕುಂತು ಒಳಗಿನ ನಗು ಕೇಳುತ್ತ ಬಿಸಿಲು ಕಾಯಿಸಿಕೊಂಡೆ. ಕೊನೆಗೆ ಎದ್ದು ಬಂದವಳು "ಕುದ್ದಿಲ್ಲ ತಮ್ಮಾ, ನೀರು ಗಡಸವ" ಅಂದಳು. ಇರಲಿ, ಮೊದಲನೇ ಮನೆ ಅಲ್ಲವೇ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ವಾರಕ್ಕೊಂದು ಮನೆ, ಆದಿತ್ಯವಾರ ಮಧ್ಯಾಹ್ನ, ಹುಡುಗಿಯರ ಊಟ ಮುಗಿದ ಮೇಲೆ. ನನ್ನ ಮೋಟರ್‌ಸೈಕಲ್ಲಿನ ಹಿಂದೆ ಚೀಲ ಅಪ್ಪಿಕೊಂಡು ಕೂಡುತ್ತಿದ್ದಳು. ಚೌಡಾಪುರದಲ್ಲಿ ರಸ್ತೆಗೆ ಹೊಂದಿಕೊಂಡ ಮನೆ, ಗಾಣಗಾಪುರದ ಯಾತ್ರೆಗೆ ಹೋಗುವವರಿಗೆ ಒಂದು ಕೋಣೆ ಬಾಡಿಗೆಗೆ ಕೊಟ್ಟರೂ ಜೀವನ ನಡೆಯುತ್ತದೆ ಎಂದು ಆಸೆ ತೋರಿಸಿದೆ. ಅಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ಬೇಳೆ ಕುದಿಯುವಷ್ಟರಲ್ಲಿ ಅಕ್ಕ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿ ಶೇಂಗಾ ಸುಲಿಸುತ್ತಿದ್ದಳು. ಬೇಳೆ ಮಾತ್ರ ಕುದಿಯಲಿಲ್ಲವಂತೆ. ಮಣ್ಣೂರಲ್ಲಿ ಭೀಮೆಯ ದಂಡೆ, ಹೊಳೆ ನೀರಿನ ನಲ್ಲಿ, ಆ ನೀರಿಗೆ ಹೆಸರು ಇಡುವವರು ಹುಟ್ಟಿಲ್ಲ. ಅಲ್ಲಿ ಬಾಣಂತಿಯೊಬ್ಬಳಿದ್ದಳು. ಅಕ್ಕ ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಎರಡು ತಾಸು ಎದ್ದೇಳಲಿಲ್ಲ. ಪಾತೇಲಿಯಲ್ಲಿ ಬೇಳೆ ಒಡೆದು ಕರಗಿದ್ದನ್ನು ನಾನು ಕಣ್ಣಾರೆ ಕಂಡೆ. "ಇಲ್ಲ ತಮ್ಮಾ, ಒಳಗ ಗಟ್ಟಿ ಅದಾವ" ಅಂದಳು. ಅಡುಗೆ ಬಲ್ಲವಳು ಆಕೆ, ನಾನೇನು ವಾದ ಮಾಡಲಿ? ಸುಮ್ಮನೆ ಗಾಡಿ ಚಾಲೂ ಮಾಡಿದೆ.

ಖಾಲಿ ಮನೆಗಳನ್ನು ತೋರಿಸಿದರೆ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದಳು. ಅಫಜಲಪುರದಲ್ಲಿ ಹೊಸದಾಗಿ ಕಟ್ಟಿದ ಒಂದು ಚೊಕ್ಕ ಮನೆ ಇತ್ತು, ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. "ಒಲಿ ಇಲ್ಲಲ್ಲ, ಹ್ಯಾಂಗ ನೋಡೂದು?" ಅಂದಳು. ಒಲೆ ನಾನೇ ತರುತ್ತೇನೆ ಅಂದರೆ ಕೇಳಿಸದವಳಂತೆ ಗಾಡಿಯ ಕಡೆ ನಡೆದಳು. ಅವತ್ತು ನನ್ನ ತಲೆ ಕೆಟ್ಟಿತು. ದಾರಿಯುದ್ದಕ್ಕೂ ಗಾಡಿ ಜೋರಾಗಿ ಓಡಿಸಿದೆ.

ಏಪ್ರಿಲ್‌ನಲ್ಲಿ ಹುಡುಗಿಯರಿಗೆ ಸೂಟಿ ಸಿಕ್ಕು ಹಾಸ್ಟೆಲು ಖಾಲಿಯಾಯಿತು. ಆಗ ಅಕ್ಕ ವಾರಕ್ಕೆ ಮೂರು ಸಲ ಫೋನು ಮಾಡತೊಡಗಿದಳು. "ಇವತ್ತ ಯಾವುದಾರ ಮನಿ ಅದ ಏನು ತಮ್ಮಾ?" ಗಡುವು ಹತ್ತಿರ ಬಂತು, ಅದಕ್ಕೆ ಅವಸರ ಬಿದ್ದಿದೆ ಎಂದು ನಾನು ತಿಳಿದೆ. ಹದಿನಾರು ವರ್ಷ ಮಂದಿಯ ಮುಖ ಓದಿ ಹೊಟ್ಟೆ ಹೊರೆದುಕೊಂಡವನು ನಾನು. ಆ ಫೋನಿನ ದನಿ ಓದಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ನನ್ನ ಹೆಂಡತಿ ಸುಭದ್ರಾಬಾಯಿ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿದಳು: "ಆ ಅಕ್ಕಗ ಖರೇನ ಮನಿ ಬೇಕಾಗ್ಯದೇನು?"

"ಬ್ಯಾಡಾಗಿದ್ರ ಇಷ್ಟು ತಿರಗತಿದ್ದಳೇನು?" ಅಂದೆ.

"ಅದಕ್ಕ ಕೇಳಿದೆ," ಅಂದು ಆಕೆ ಒಳಗೆ ಹೋದಳು.

ಮೇ ಎರಡನೇ ವಾರ ಜೇವರ್ಗಿಯ ಮನೆ ಬಂತು. ಖುರ್ಷಿದಬೇಗಂ ಎಂಬವರದು. ಮಗ ಸರ್ದಾರ ಸೊಲ್ಲಾಪುರದಲ್ಲಿ ಬೇಕರಿ ಹಾಕಿದ್ದ, ತಾಯಿ, ಹೆಂಡತಿ ಎಲ್ಲರನ್ನೂ ಅಲ್ಲಿಗೇ ಕರೆಸಿಕೊಳ್ಳುವವನಿದ್ದ. ಎರಡು ಕೋಣೆ, ಫರಸಿ ಕಲ್ಲಿನ ನೆಲ, ಅಂಗಳದಲ್ಲಿ ಒಂದು ಬೇವಿನ ಗಿಡ. ಒಂದೇ ಕೊರತೆ, ಬೋರಿನ ನೀರು ಸವಳು. ಓಣಿಗೆಲ್ಲ ಗೊತ್ತಿದ್ದ ಮಾತು, ಕುಡಿಯಲು ಅಡುಗೆಗೆ ಎಲ್ಲರೂ ಫಿಲ್ಟರ್ ನೀರಿನ ಕ್ಯಾನ್ ತರುತ್ತಾರೆ. ಇಲ್ಲಿ ಬೇಳೆ ಇಟ್ಟರೆ ಖಂಡಿತ ಕುದಿಯುವುದಿಲ್ಲ, ಇಪ್ಪತ್ತಾರನೆಯದೂ ಹೋಯಿತು ಎಂದುಕೊಂಡೆ. ಇನ್ನು ಇಪ್ಪತ್ತು ದಿನಕ್ಕೆ ಆಕೆ ಚೀಲ ಹಿಡಿದು ರಸ್ತೆಯಲ್ಲಿ ನಿಲ್ಲಬೇಕು. ಅದೂ ಕಣ್ಣಿಗೆ ಬಂತು, ಸುಳ್ಳೇಕೆ ಹೇಳಲಿ.

ಹಿಂದಿನ ದಿನವೇ ಹೋಗಿ ಖುರ್ಷಿದಬೇಗಂಗೆ ಹೇಳಿದೆ: ಅಡುಗೆಮನೆಯ ಕೊಡದಲ್ಲಿ ಫಿಲ್ಟರ್ ನೀರು ತುಂಬಿಡಿ, ಬೋರಿನ ಮೋಟರು ಕೆಟ್ಟಿದೆ, ಬೆಳಿಗ್ಗೆ ತುಂಬಿಟ್ಟ ನೀರು ಇದು ಅನ್ನಿ.

"ಅರೇ ಭಾಯಿ, ಝೂಟಾ ಮಾತು ನಾ ಹೇಳಂಗಿಲ್ಲ ನೋಡ್ರಿ," ಅಂದರು.

"ನೀವೇನೂ ಹೇಳಬ್ಯಾಡ್ರಿ ಹಂಗಾದ್ರ. ನಾ ಹೇಳ್ತೇನಿ. ನೀವು ಸುಮ್ಮ ಇರ್ರಿ."

ಮರುದಿನ ನಾನೇ ಹೇಳಿದೆ. ಅಕ್ಕ ಕೊಡದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಪಾತೇಲಿ ಇಟ್ಟಳು. ಖುರ್ಷಿದಬೇಗಂ ಮುಖ ತಿರುಗಿಸಿಕೊಂಡು ಹಿಟ್ಟು ನಾದುತ್ತಿದ್ದರು. ಸೊಸೆ ಸಾಯಿರಾ ಏನೂ ಅರಿಯದವಳು, ಬಂದ ಹೆಂಗಸಿಗೆ ಕೂಡಲು ಚಾಪೆ ಹಾಸಿ ತನ್ನ ಮದುವೆಯ ಆಲ್ಬಮ್ ತಂದು ತೊಡೆಯ ಮೇಲಿಟ್ಟಳು. ಇಬ್ಬರೂ ಒಂದೊಂದೇ ಫೋಟೋ ನೋಡತೊಡಗಿದರು. "ಇವ್ರು ಯಾರವ್ವಾ?" "ನನ್ನ ಖಾಲಾರಿ, ಅಮ್ಮನ ತಂಗಿ." "ಇವ್ರು?" ಅಕ್ಕನಿಗೆ ಆ ಮಂದಿ ಯಾರೂ ಬೇಕಾಗಿಲ್ಲ, ಆದರೂ ಒಬ್ಬರನ್ನೂ ಬಿಡದೆ ಕೇಳಿದಳು.

ಅರ್ಧ ತಾಸಿಗೇ ಬೇಳೆ ಕರಗಿತು. ಅಕ್ಕ ಬೆರಳಿನಿಂದ ಹಿಚುಕಿ ನೋಡಿದಳು. ಅಷ್ಟರಲ್ಲಿ ಖುರ್ಷಿದಬೇಗಂ, ಬಹುಶಃ ಮನಸ್ಸಿಗೆ ಚುಚ್ಚಿ, ಅದೇ ಬೇಳೆಗೆ ಬಳ್ಳೊಳ್ಳಿ ಒಗ್ಗರಣೆ ಹಾಕಿದರು. ನೆಲದ ಮೇಲೆ ಬಟ್ಟೆ ಹಾಸಿ ರೊಟ್ಟಿ ತಂದಿಟ್ಟರು. "ಹಂಗ ಹೋಗಬ್ಯಾಡ್ರಿ, ಬಾಯಿ. ನೀವು ಕೂಡಲಿಲ್ಲಂದ್ರ ನಾವೂ ಉಣ್ಣಂಗಿಲ್ಲ." ಹಿಂದಿನ ಮನೆಗಳಲ್ಲಿ ಚಹಾ ಕೊಟ್ಟಿದ್ದರು, ಅವಲಕ್ಕಿ ಕೊಟ್ಟಿದ್ದರು, ಈ ಮಾತು ಯಾರೂ ಅಂದಿರಲಿಲ್ಲ. ಅಕ್ಕ ಕೈ ತೊಳೆದು ಕುಂತಳು. ನನಗೂ ಕೂಡು ಎಂದು ಸನ್ನೆ ಮಾಡಿದಳು. ಹಿಡಿ ಬೇಳೆ, ನಾಲ್ಕು ಮಂದಿ. ಸಾಯಿರಾ ತನ್ನ ಪಾಲಿನದನ್ನೂ ಅಕ್ಕನ ತಾಟಿಗೆ ಸುರಿದಳು. ಉಂಡು ಎದ್ದು ಅಕ್ಕ ಅಂದಳು: "ಆತು ತಮ್ಮಾ. ಇದ ಮನಿ ಇರಲಿ."

ಕಾಗದವಾಯಿತು. ದಲಾಲಿ ಕೈಗೆ ಬಂತು. ಮೇ ಕೊನೆಯ ವಾರ ಖುರ್ಷಿದಬೇಗಂ ಅವರ ಸಾಮಾನು ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಹೋಯಿತು. ಅಕ್ಕ ಎರಡು ಚೀಲ, ಒಂದು ಟ್ರಂಕು ಹಿಡಿದು ಒಳಗೆ ಹೋದಳು. ನಾನು ಹಾಲು ಉಕ್ಕಿಸುವ ಹೊತ್ತಿಗೆ ಹೋಗಬೇಕಿತ್ತು, ಹೋಗಲಿಲ್ಲ. ಮುಖ ತೋರಿಸಲು ಧೈರ್ಯವಾಗಲಿಲ್ಲ. ಸವಳು ನೀರಿನ ಮನೆಯನ್ನು ಮೋಸ ಮಾಡಿ ಗಂಟು ಹಾಕಿದೆನಲ್ಲ, ಅದೂ ಒಬ್ಬಂಟಿ ಹೆಂಗಸಿಗೆ, ಎಂದು ಜೇವರ್ಗಿ ಬಸ್ಸು ಕಂಡಾಗಲೆಲ್ಲ ಅಂಗಡಿಯೊಳಗೆ ಸರಿಯುತ್ತಿದ್ದೆ. ಮೂರು ವಾರ ತಡೆದೆ. ಆಮೇಲೆ ಒಂದು ಮುಂಜಾನೆ ಬಸ್ಸು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಕುಂತಿದ್ದಳು, ಮುಂದೆ ದೊಡ್ಡ ಪಾತೇಲಿಯ ತುಂಬ ಅನ್ನ.

"ಯಾರ್ ಬರಾವ್ರು ಅದಾರಕ್ಕಾ?"

"ಯಾರೂ ಇಲ್ಲ. ಒಬ್ಬಾಕಿಗೆ ಎಷ್ಟು ಹಾಕಬೇಕು ನನಗ ತಿಳಿಯವಲ್ದು. ಕಮ್ಮಿ ಹಾಕಬೇಕಂತೇನಿ, ಕೈ ಕೇಳಂಗಿಲ್ಲ. ಸಂಜಿಗೆ ಓಣ್ಯಾಗಿನ ನಾಯಿಗೆ ಹಾಕ್ತೇನಿ." ನಕ್ಕಳು. ನನಗೆ ನಗು ಬರಲಿಲ್ಲ.

ಓಣಿಯವರು ಹೇಗಿದ್ದಾರೆ ಎಂದು ಕೇಳಿದೆ. "ಛಲೋ ಅದಾರ. ನೀರು ಬಂದಾವೇನ್ರಿ ಅಂತಾರ, ಬಂದಾವ್ರಿ ಅಂತೇನಿ. ಬಾಗಲಾ ಹಾಕ್ಕೋತಾರ. ಅಷ್ಟ."

ಇನ್ನು ತಡೆಯಲಾಗಲಿಲ್ಲ. ನೆಲದ ಮೇಲೆ ಕುಂತು ಎಲ್ಲ ಹೇಳಿಬಿಟ್ಟೆ. ಕ್ಯಾನಿನ ನೀರು, ಕೆಡದ ಮೋಟರು, ಖುರ್ಷಿದಬೇಗಂ ಬೇಡವೆಂದದ್ದು, ಎಲ್ಲ. ಬೈಯುತ್ತಾಳೆ, ಬೈಯಲಿ ಎಂದುಕೊಂಡಿದ್ದೆ.

"ಗೊತ್ತಿತ್ತಲ್ಲ," ಅಂದಳು. "ಮೂವತ್ತೊಂದು ವರ್ಷ ಬ್ಯಾಳಿ ಕುದಿಸೇನಿ ತಮ್ಮಾ. ಜೇವರ್ಗಿ ಬೋರಿನ ನೀರಿನ್ಯಾಗ ಅರ್ಧಾ ತಾಸಿಗೆ ಕುದಿತಾವೇನು? ಪಾತೇಲಿ ಇಡೂಮುಂದ ನೀರಿನ ವಾಸನಿಗೇ ತಿಳೀತು."

"ಮತ್ತ ಯಾಕ ತಗೊಂಡಿರಿ? ಮಣ್ಣೂರಾಗ ಹೊಳಿ ನೀರು ಇತ್ತು. ಅದಕ್ಕ ಒಲ್ಲೆ ಅಂದ್ರಿ."

"ಮಣ್ಣೂರಾಗ ಕುದ್ದಿದ್ವು." ಅನ್ನದ ಪಾತೇಲಿಗೆ ತಟ್ಟೆ ಮುಚ್ಚಿದಳು. "ಮಧುಮತಿ ಮನ್ಯಾಗ ಕುದ್ದಿದ್ವು. ಚೌಡಾಪುರದಾಗ ಭಾಳ ಛಲೋ ಕುದ್ದಿದ್ವು. ಕುದ್ದಾವ ಅಂದ್ರ ನೀ ಕಾಗದಾ ಮಾಡಸ್ತಿದ್ದಿ. ಕಾಗದಾ ಆದ ಮ್ಯಾಗ ಮುಂದಿನ ಆದಿತ್ಯವಾರ ನಾ ಯಾರ ಮನಿಗೆ ಹೋಗಲಿ?"

ಐದು ತಿಂಗಳು ಕಟ್ಟೆಗಳ ಮೇಲೆ ಕುಂತು ಶಾಪ ಹಾಕಿದ್ದು ನೆನಪಾಗಿ ನಾಚಿಕೆಯಾಯಿತು. ಪಾಪದ ಹೆಂಗಸು, ಯಾರನ್ನೂ ಏನೂ ಕೇಳಿರಲಿಲ್ಲ. ಬೇಳೆ ಕುದಿಯುವಷ್ಟು ಹೊತ್ತು ಒಂದು ಮನೆಯೊಳಗೆ ಕೂಡಲು ಬಿಡಿ ಎಂದಿದ್ದಳು, ಅದೂ ತನ್ನದೇ ಬೇಳೆ ತಂದು.

"ಇದನ್ನ ಯಾಕ ತಗೊಂಡೆ ಅಂದ್ರ," ಆಕೆಯೇ ಮತ್ತೆ ಅಂದಳು, "ಅವತ್ತ ಇಲ್ಲಿ ಕುಂತು ಉಂಡೆವಲ್ಲ, ಈ ಮನಿ ನಂದಾದ್ರ ದಿನಾ ಹಿಂಗ ಇರ್ತದ ಅನ್ನಿಸ್ತು. ಅವ್ರು ಹೋಗ್ತಾರ ಅಂತ ಗೊತ್ತಿತ್ತು. ಕಾಗದದ ಮ್ಯಾಗ ಹೆಬ್ಬಟ್ಟು ಒತ್ತೂಮುಂದ ಸುದ್ದಾ ಗೊತ್ತಿತ್ತು. ಟೆಂಪೋ ಹೋದ ಮ್ಯಾಗ ಬಾಗಲಾಗ ನಿಂತು ನೋಡ್ತೇನಿ, ಒಳಗ ಬರೇ ಕಲ್ಲು. ಮಂದೀನ ನೋಡಿ ಮನಿ ತಗೊಂಡಾಕಿ ಈ ಮೂರು ತಾಲೂಕಿನ್ಯಾಗ ನಾ ಒಬ್ಬಾಕಿನ ಇರಬೇಕು."

ಬೇವಿನ ಗಿಡದಲ್ಲಿ ಗುಬ್ಬಿಗಳು ಗದ್ದಲ ಹಾಕಿದ್ದವು. ಆಮೇಲೆ ಅಕ್ಕ ಸೆರಗು ಸರಿಮಾಡಿಕೊಂಡು, ಹೊಸ ಗಿರಾಕಿಯಂತೆ ನೆಟ್ಟಗೆ ಕುಂತು ಕೇಳಿದಳು:

"ತಮ್ಮಾ, ಈ ಮನಿ ಮಾರೂದದ ಅಂತ ನೀ ಹೇಳಿದ್ರ, ಮಂದಿ ನೋಡಾಕ ಬರ್ತಾರಲ್ಲ?"

"ಮಾರ್ತೀರೇನು? ತಗೊಂಡು ತಿಂಗಳಾಗಿಲ್ಲ!"

"ಮಾರಂಗಿಲ್ಲ. ನೋಡಾಕ ಬರ್ತಾರೋ ಇಲ್ಲೋ, ಅಷ್ಟ ಹೇಳು."

ಹದಿನಾರು ವರ್ಷ ಸುಮ್ಮನೆ ನೋಡಿ ಹೋಗುವವರನ್ನು ಕಂಡರೆ ಉರಿದು ಬೀಳುತ್ತಿದ್ದವನು ನಾನು. ಅಂಥವರ ಹೆಸರುಗಳೇ ನನ್ನ ಫೋನಿನಲ್ಲಿ ನೂರಾರು ಇದ್ದವು. ಅವತ್ತು ಸಂಜೆ ಬಸ್ಸಿನಲ್ಲಿ ಕುಂತು ಒಬ್ಬೊಬ್ಬರಿಗೇ ಫೋನು ಮಾಡಿದೆ.

ಮೊದಲ ಆದಿತ್ಯವಾರ ದೇವಾನಂದ ಎಂಬ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಂದರು. ಗೋಡೆ ತಟ್ಟಿದರು, ನಲ್ಲಿ ತಿರುವಿದರು, ಬಾಗಿಲಿನ ದಿಕ್ಕು ಕೇಳಿದರು. ಅಕ್ಕ ಒಂದೊಂದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು, ಕೂಡಿಸಿ ಊಟಕ್ಕೆ ಹಾಕಿ, ಕೊನೆಗೆ ಮನೆಯ ಬೆಲೆ ಎರಡು ಪಟ್ಟು ಹೇಳಿದಳು. ಮಾಸ್ತರರ ಮುಖ ಸಣ್ಣದಾಯಿತು. ಆಮೇಲೆ ಇನ್ನೂ ಮೂರು ಜೋಡಿ ಬಂದವು. ಐದನೇ ವಾರಕ್ಕೆ ಸುದ್ದಿ ಹಬ್ಬಿತ್ತು. ಆ ಮುದುಕಿಗೆ ಮಾರುವ ಮನಸ್ಸಿಲ್ಲ, ದಲಾಲ ಸಿದ್ದಲಿಂಗ ಸುಮ್ಮನೆ ತಿರುಗಿಸುತ್ತಾನೆ ಎಂದು ನನ್ನನ್ನೇ ಬೈದರು. ಯಾರೂ ಫೋನು ಎತ್ತಲಿಲ್ಲ.

ಶನಿವಾರ ಅಕ್ಕನ ಫೋನು ಬಂತು. "ನಾಳಿಗೆ ಯಾರ್ ಬರಾಕತ್ಯಾರ ತಮ್ಮಾ?"

"ಅದಾರಕ್ಕಾ, ಒಂದು ಗಿರಾಕಿ ಅದ," ಅಂದೆ. ಫೋನಿಟ್ಟು ಸುಭದ್ರಾಬಾಯಿಯ ಮುಖ ನೋಡಿದೆ. ಆಕೆ ಕಪಾಟಿನಿಂದ ಇಳಕಲ್ ಸೀರೆ ತೆಗೆದಿಟ್ಟಳು.

ಮರುದಿನ ನಾವಿಬ್ಬರೂ ಆ ಬಾಗಿಲಲ್ಲಿ ನಿಂತಾಗ ಅಕ್ಕ ಸುಭದ್ರಾಬಾಯಿಯನ್ನು ಒಂದು ಗಳಿಗೆ ದಿಟ್ಟಿಸಿದಳು. ನಮ್ಮ ಅಂಗಡಿಯಲ್ಲಿ ಆಕೆಯನ್ನು ಹತ್ತು ಸಲ ಕಂಡವಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ "ಬರ್ರಿ ಬಾಯಾರ, ಒಳಗ ಬರ್ರಿ" ಎಂದು ಕಾಲಿಗೆ ನೀರು ಕೊಟ್ಟಳು. ನನ್ನ ಹೆಂಡತಿ ಖರೇ ಕೊಳ್ಳುವವಳಂತೆ ಮೂಲೆ ಮೂಲೆ ನೋಡಿದಳು, ಸಾಮಾನು ಇಡುವ ಜಾಗ ಕೇಳಿದಳು, ಬೇವಿನ ಎಲೆ ಉದುರಿದರೆ ಗುಡಿಸುವವರಾರು ಎಂದು ತಕರಾರೂ ತೆಗೆದಳು. ಅಕ್ಕ ಎಲ್ಲ ತೋರಿಸಿದಳು. ಬೆಲೆ ಕೇಳಿದಾಗ ಎರಡು ಪಟ್ಟೇ ಹೇಳಿದಳು, ನಗಲಿಲ್ಲ. ಮೂವರೂ ನಗಲಿಲ್ಲ.

ಹೊರಡುವಾಗ ಸುಭದ್ರಾಬಾಯಿ ಚಪ್ಪಲಿ ಮೆಟ್ಟುತ್ತ "ವಿಚಾರ ಮಾಡಿ ಹೇಳ್ತೇವ್ರಿ" ಅಂದಳು.

ಅಕ್ಕ ಆಕೆಯ ಕೈ ಹಿಡಿದುಕೊಂಡಳು, ಬೇಗ ಬಿಡಲಿಲ್ಲ.

"ಅವಸರಾ ಮಾಡಬ್ಯಾಡ್ರಿ ಯವ್ವಾ," ಅಂದಳು. "ಮನಿ ಅಂದ್ರ ಒಂದ ಸಲಕ್ಕ ತಿಳಿಯಂಗಿಲ್ಲ. ಇನ್ನೂ ನಾಕು ಸಲ ಬಂದು ನೋಡ್ರಿ."